ಮಾಸ್ತರರಿಲ್ಲದ ನಿಲ್ದಾಣ, ಮನುಷ್ಯರಿಲ್ಲದ ಲೆಕ್ಕ

ಸೋಸಲೆಗೆ ರೈಲು ಬಂದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಟ್ಟರೆ, ಹಾಗಾದರೆ ರೈಲಿನ ವಿಚಾರ ಮಾತನಾಡಲು ಸೋಸಲೆ ಕಡೆಯವನಿಗೆ ಏನು ಅಧಿಕಾರ ಎಂದು ವಾಚಕರು ಕೇಳಬಹುದು. ಕೇಳಲಿ. ಉಂಡವನಿಗಿಂತ ಹಸಿದವನಿಗೆ ಅನ್ನದ ಬೆಲೆ ಚೆನ್ನಾಗಿ ಗೊತ್ತಿರುತ್ತದೆ.

ನಮ್ಮದು ಹೆಸರಿಲ್ಲದ ಸೀಮೆಯೇನೂ ಅಲ್ಲ. ವ್ಯಾಸರಾಜರ ಮಠದಿಂದ ಸೋಸಲೆಯ ಹೆಸರು ನಾಡಿನಾಚೆಗೂ ಹೋಗಿದೆ. ಮೈಸೂರು ಆಸ್ಥಾನದ ವಿದ್ವಾಂಸರಾಗಿದ್ದ ಅಯ್ಯಾಶಾಸ್ತ್ರಿಗಳು ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡೇ ಪ್ರಸಿದ್ಧರಾದರು. ಹತ್ತಿರದಲ್ಲೇ ತಿರುಮಕೂಡಲು, ಅಲ್ಲಿ ಕಾವೇರಿಯೂ ಕಪಿಲೆಯೂ ಕೂಡುತ್ತವೆ, 1989ರಲ್ಲಿ ತೊಡಗಿದ ಕುಂಭಮೇಳ 2025ರ ಫೆಬ್ರವರಿಯಲ್ಲಿಯೂ ನಡೆದು ಜನಸಾಗರ ನೆರೆಯಿತು. ಅದೇ ತಾಲ್ಲೂಕಿನಲ್ಲಿ ತಲಕಾಡು, ಅದೇ ತಾಲ್ಲೂಕಿನಲ್ಲಿ ಸೋಮನಾಥಪುರ. ಇಷ್ಟೆಲ್ಲ ಇದ್ದೂ ನರಸೀಪುರ ತಾಲ್ಲೂಕಿನಲ್ಲಿ ಒಂದು ರೈಲು ನಿಲ್ದಾಣವಿಲ್ಲ. ರೈಲು ಬೇಕಾದರೆ ಮೈಸೂರಿಗೆ ಹೋಗಬೇಕು, ಇಲ್ಲವೇ ನಂಜನಗೂಡಿಗೆ.

ಆದ್ದರಿಂದ ನೆರೆಯ ನಂಜನಗೂಡು ತಾಲ್ಲೂಕಿನ ಸಣ್ಣಪುಟ್ಟ ಹಾಲ್ಟುಗಳನ್ನು ನಾವು ಚಿಕ್ಕಂದಿನಿಂದ ಹೊಟ್ಟೆಕಿಚ್ಚಿನಿಂದಲೇ ನೋಡಿದವರು. ಅಂಥ ನಿಲ್ದಾಣಗಳ ವಿಚಾರದಲ್ಲಿ “ಅದೇಕೆ ಬೇಕು, ಅಲ್ಲಿ ಯಾರು ಹತ್ತುತ್ತಾರೆ?” ಎಂದು ಪೇಟೆಯ ಜನ, ಅದರಲ್ಲೂ ಓದುಬರಹ ಬಲ್ಲ ಜನ, ಹಗುರವಾಗಿ ಆಡುವ ಮಾತು ಕಿವಿಗೆ ಬಿದ್ದಾಗ ಸುಮ್ಮನಿರುವುದು ಕಷ್ಟ. ಈ ಬರಹ ಆ ಮಾತಿಗೆ ಉತ್ತರ.

ಮೊದಲು ಮಾರ್ಗದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದದ್ದು 1882ರ ಹೊತ್ತಿಗೆ. 1876ರಿಂದ 78ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಕ್ಷಾಮ ಆಗಷ್ಟೇ ಹಿಂದಾಗಿತ್ತು. ಸಂಸ್ಥಾನ ಅಷ್ಟೇನೂ ಉಳ್ಳದ್ದಲ್ಲ. ಆದರೂ ಹತ್ತು ವರ್ಷದೊಳಗೆ, 1891ರಲ್ಲಿ, ಹಳಿ ನಂಜನಗೂಡು ಮುಟ್ಟಿತು. 1926ರಲ್ಲಿ ಚಾಮರಾಜನಗರಕ್ಕೆ ಹೋಯಿತು. 1951ರ ಏಪ್ರಿಲಿನಲ್ಲಿ ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. 2003ರಿಂದ ಮೈಸೂರು ನೈಋತ್ಯ ರೈಲ್ವೆಯ ಒಂದು ವಿಭಾಗ. ಮೈಸೂರಿನಿಂದ ಚಾಮರಾಜನಗರದ ಕೊನೆಯವರೆಗೆ ಅರವತ್ತು ಕಿಲೋಮೀಟರಿನ ಆಸುಪಾಸು, ಅಷ್ಟೇ.

ನಂಜನಗೂಡಿನ ಹತ್ತಿರ ಕಪಿಲೆಗೆ ಒಂದು ಹಳೆಯ ಕಲ್ಲು ಸೇತುವೆ ಇದೆ. ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ ಕಟ್ಟಿದ್ದೆಂದು ಪ್ರಸಿದ್ಧಿ. ಆಗ ಇಂಗ್ಲೆಂಡಿನಲ್ಲಿ ಕೂಡ ಆವಿಯಂತ್ರದ ರೈಲು ಹುಟ್ಟಿರಲಿಲ್ಲ. ಎತ್ತಿನ ಗಾಡಿಗೆಂದು ಕಟ್ಟಿದ ಆ ಸೇತುವೆಯ ಮೇಲೆಯೇ ಮುಂದೆ ಹಳಿ ಹಾಕಿದರು. ಒಂದು ಪಕ್ಕದಲ್ಲಿ ಗಾಡಿ, ಇನ್ನೊಂದು ಪಕ್ಕದಲ್ಲಿ ರೈಲು. ಮೀಟರ್ ಗೇಜು ಇದ್ದಷ್ಟು ಕಾಲವೂ ಎರಡೂ ಒಂದೇ ಸೇತುವೆಯ ಮೇಲೆ ನದಿ ದಾಟಿದವು. ದೊಡ್ಡ ಗೇಜು ಬಂದಾಗ ರೈಲಿಗೆ ಬೇರೆ ಸೇತುವೆಯಾಯಿತು. ಹಳೆಯವರಿಗೆ ರೈಲು ಎಂದರೆ ಗಾಡಿಯನ್ನೂ ಕಾಲ್ನಡಿಗೆಯವನನ್ನೂ ದಾರಿಯಿಂದ ತಳ್ಳಿ ಹೋಗಬೇಕಾದ ವಸ್ತುವೆಂದು ತೋರಿರಲಿಲ್ಲ ಎಂಬುದಕ್ಕೆ ಆ ಸೇತುವೆಯೇ ಸಾಕ್ಷಿ.

ಈಗ ನಿಲ್ದಾಣಗಳ ಹೆಸರನ್ನು ನೋಡಿ. ಕಡಕೊಳ, ತಾಂಡವಪುರ, ಸುಜಾತಾಪುರಂ, ನಂಜನಗೂಡು, ಚಿನ್ನದಗುಡಿ ಹುಂಡಿ, ನರಸಾಂಬುಧಿ, ಕವಲಂದೆ, ಕೋಣನೂರು, ಬದನಗುಪ್ಪೆ, ಮರಿಯಾಲ ಗಂಗವಾಡಿ. ಈ ಮಾರ್ಗದ ವೇಳಾಪಟ್ಟಿಯಲ್ಲಿ ಕಾಣಿಸಿಕೊಂಡ ಹೆಸರುಗಳಿವು. ಹುಂಡಿ ಎಂದರೆ ನಮ್ಮ ಕಡೆ ಒಂದು ಸಣ್ಣ ಊರು. ಕೆಲವೇ ಒಕ್ಕಲು ಕೂಡಿ ಕಟ್ಟಿಕೊಂಡ ನೆಲೆ. ಒಂದು ಹುಂಡಿಯ ಹೆಸರನ್ನು ಹಳದಿ ಹಲಗೆಯ ಮೇಲೆ ಕಪ್ಪಕ್ಷರದಲ್ಲಿ ಬರೆದು, ಅಲ್ಲಿ ಸರ್ಕಾರದ ರೈಲನ್ನು ನಿಲ್ಲಿಸಿದ್ದು ಸಣ್ಣ ಸಂಗತಿಯಲ್ಲ. ಬದನವಾಳಿನಲ್ಲಿ 1920ರ ದಶಕದ ಕೊನೆಗೆ ತೊಡಗಿದ, ಗಾಂಧೀಜಿ ಬಂದುಹೋದ ಖಾದಿ ಕೇಂದ್ರವೂ ಇದೇ ಸೀಮೆಯದು. ಹಳ್ಳಿಯೂ ದೇಶದಲ್ಲಿ ಸೇರಿದ್ದೆಂದು ಜನಕ್ಕೆ ಅನ್ನಿಸಿದ ಕಾಲ ಅದು.

ಹಾಲ್ಟ್ ಎಂದರೆ ಏನೆಂದು ತಿಳಿಯದ ವಾಚಕರಿಗೆ ಒಂದೆರಡು ಮಾತು. ದೊಡ್ಡ ನಿಲ್ದಾಣದಲ್ಲಿ ಮಾಸ್ತರರಿರುತ್ತಾರೆ, ಸಿಗ್ನಲ್ ಇರುತ್ತದೆ, ಒಂದು ರೈಲು ಇನ್ನೊಂದಕ್ಕೆ ದಾರಿ ಬಿಡುವ ಅಡ್ಡಹಳಿ ಇರುತ್ತದೆ. ಹಾಲ್ಟಿನಲ್ಲಿ ಇದೊಂದೂ ಇರುವುದಿಲ್ಲ. ಎರಡು ದೊಡ್ಡ ನಿಲ್ದಾಣಗಳ ನಡುವಣ ಹಳಿಯ ಮೇಲೆ ರೈಲು ಒಂದು ನಿಮಿಷ ನಿಲ್ಲುತ್ತದೆ, ಗಾರ್ಡು ಹಸಿರು ತೋರಿಸುತ್ತಾನೆ, ರೈಲು ಹೊರಡುತ್ತದೆ. ಇರುವುದೆಂದರೆ ಒಂದು ಕಟ್ಟೆ, ಒಂದು ಹೆಸರಿನ ಹಲಗೆ, ಪುಣ್ಯವಿದ್ದರೆ ಒಂದು ಮಾಡು. ಟಿಕೆಟನ್ನು ಕೊಡಲು ಇಲಾಖೆಯ ನೌಕರನಿಲ್ಲ. ಊರಿನವನೊಬ್ಬ ಹತ್ತಿರದ ನಿಲ್ದಾಣದಿಂದ ಟಿಕೆಟ್ ತಂದು ಮಾರಿ ಕಮಿಷನ್ ತೆಗೆದುಕೊಳ್ಳುವುದು ವಾಡಿಕೆ. ಇಲಾಖೆಯ ದರ್ಜೆಯ ಪಟ್ಟಿಯಲ್ಲಿ ಇವಕ್ಕೂ ಮೂರು ಅಂತಸ್ತುಗಳಿವೆ. ವರ್ಷಕ್ಕೆ ಒಂದು ಲಕ್ಷ ಪ್ರಯಾಣಿಕರ ಒಳಗಿದ್ದರೆ ಕಟ್ಟಕಡೆಯ ಅಂತಸ್ತು. ಇಷ್ಟು ಅಗ್ಗವಾದ ಸಾರ್ವಜನಿಕ ಸೌಕರ್ಯ ಇನ್ನೊಂದನ್ನು ತೋರಿಸಿ ನೋಡೋಣ.

ಈ ಅಗ್ಗದ ಸೌಕರ್ಯವನ್ನೂ ನಷ್ಟದ ಬಾಬು ಎನ್ನುತ್ತಾರೆ. ಆ ನಷ್ಟ ಹೇಗೆ ಹುಟ್ಟುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ನಂಟರ ಮನೆಗೆ ಹೋಗಿ ಬರುವಾಗ ಅಂಥದೊಂದು ಹಾಲ್ಟಿನಲ್ಲಿ ಮೈಸೂರಿನ ರೈಲಿಗೆ ಕಾದಿದ್ದೆ. ಊರಿನ ಹೆಸರು ಬೇಡ. ಟಿಕೆಟಿನ ಕಿಂಡಿ ಮುಚ್ಚಿತ್ತು. ಕಟ್ಟೆಯ ಮೇಲೆ ಏಳೆಂಟು ಜನ. ಸೊಪ್ಪಿನ ಗಂಟು ಇಟ್ಟುಕೊಂಡ ಹೆಂಗಸೊಬ್ಬಳು, ಆಸ್ಪತ್ರೆಗೆ ಹೊರಟ ಮುದುಕ, ಕಾಲೇಜಿನ ಹುಡುಗರು.

“ಟಿಕೆಟ್ ಯಾರು ಕೊಡ್ತಾರೆ ಯಜಮಾನ್ರೇ?” ಎಂದೆ.

“ಕೊಡೋನು ಬಂದಿಲ್ಲ ಸ್ವಾಮಿ. ರೈಲು ಬತ್ತದೆ, ಕುಂತ್ಕಳಿ,” ಎಂದ ಮುದುಕ.

ರೈಲು ಬಂತು, ಹತ್ತಿದೆವು. ಇಳಿಯುವ ಕಡೆ ಟಿಕೆಟ್ ನೋಡುವವರು ನಿಂತಿದ್ದರು. ಸೊಪ್ಪಿನ ಹೆಂಗಸನ್ನು ಹಿಡಿದರು.

“ಏನವ್ವ, ಟಿಕೆಟ್ ಇಲ್ಲದೆ ಬಂದಿದ್ದೀಯಲ್ಲ?”

“ಕೊಡೋರಿದ್ದಿದ್ರೆ ತಕ್ಕಳ್ದೆ ಇರ್ತಿದ್ನಾ ಸ್ವಾಮಿ?”

ಈ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ, ರಸೀತಿ ಪುಸ್ತಕವಿತ್ತು. ಅವಳೂ ದಂಡ ಕೊಟ್ಟಳು, ನಾನೂ ಕೊಟ್ಟೆ. ನನಗೆ ಅದು ಒಂದು ಹೊತ್ತಿನ ಬೇಸರ. ಅವಳಿಗೆ ಆ ದಿನದ ಸೊಪ್ಪಿನ ಲಾಭ.

ದಂಡ ಹೋದರೆ ಹೋಗಲಿ. ಆ ದಿನ ಆ ಹಾಲ್ಟಿನ ಲೆಕ್ಕದ ಪುಸ್ತಕದಲ್ಲಿ ಏನು ಬರೆದಿರುತ್ತಾರೆ? ಮಾರಾಟವಾದ ಟಿಕೆಟು, ಸೊನ್ನೆ. ಹತ್ತಿದ ಪ್ರಯಾಣಿಕರು, ಸೊನ್ನೆ. ಕಟ್ಟೆಯ ಮೇಲೆ ಕುಳಿತಿದ್ದ ಏಳೆಂಟು ಜನ ಎಲ್ಲಿ ಹೋದರು? ಅವರು ರೈಲಿನಲ್ಲಿದ್ದರು, ಲೆಕ್ಕದಲ್ಲಿರಲಿಲ್ಲ.

ವಾದದ ತಿರುಳು ಇಲ್ಲಿದೆ. ಒಂದು ನಿಲ್ದಾಣದ ಆದಾಯವನ್ನು ಅಲ್ಲಿ ಮಾರಾಟವಾದ ಟಿಕೆಟಿನಿಂದ ಅಳೆಯುತ್ತಾರೆ. ಹಳ್ಳಿಯವನು ಬೆಳಿಗ್ಗೆ ಪೇಟೆಗೆ ಹೋಗಿ ಸಂಜೆ ಬರುತ್ತಾನೆ. ಸಂಜೆಯ ಟಿಕೆಟನ್ನು ಅವನು ಪೇಟೆಯಲ್ಲಿ ಕೊಳ್ಳುತ್ತಾನೆ. ಅದು ಪೇಟೆಯ ನಿಲ್ದಾಣದ ಆದಾಯ. ಪ್ರತಿ ದಿನ ಓಡಾಡುವ ನೌಕರ ತಿಂಗಳ ಪಾಸನ್ನು ದೊಡ್ಡ ನಿಲ್ದಾಣದಲ್ಲಿ ಮಾಡಿಸುತ್ತಾನೆ. ಅದೂ ಅಲ್ಲಿಯ ಆದಾಯ. ಹಬ್ಬಕ್ಕೆ ಮಗಳು ಬೆಂಗಳೂರಿನಿಂದ ತವರಿಗೆ ಬಂದರೆ, ತವರಿನ ಹಾಲ್ಟಿಗೆ ಕೊಟ್ಟ ದುಡ್ಡು ಬೆಂಗಳೂರಿನ ಖಾತೆಗೆ. ಹೀಗೆ ಹಾಲ್ಟಿನ ಕೆಲಸವೆಲ್ಲ ಬೇರೆಯವರ ಖಾತೆಯಲ್ಲಿ, ಹಾಲ್ಟಿನ ಖರ್ಚೆಲ್ಲ ಹಾಲ್ಟಿನ ಖಾತೆಯಲ್ಲಿ. ಮನೆಯ ಬಾಗಿಲನ್ನು ತೋರಿಸಿ, “ಇದು ಅನ್ನ ಬೇಯಿಸುವುದಿಲ್ಲ, ನಿದ್ದೆಗೂ ಬಾರದು, ಕಿತ್ತುಹಾಕಿ” ಎಂದ ಹಾಗಾಯಿತು.

ಸಣ್ಣ ನಿಲ್ದಾಣ ಒಂದೇ ದಿನದಲ್ಲಿ ಸಾಯುವುದೂ ಇಲ್ಲ. ಅದಕ್ಕೊಂದು ಕ್ರಮವಿದೆ. ಮೊದಲು ಮಾಸ್ತರರನ್ನು ತೆಗೆಯುತ್ತಾರೆ. ಆಮೇಲೆ ಕಮಿಷನ್ನಿನವನಿಗೆ ಹೊಟ್ಟೆ ತುಂಬದೆ ಅವನೇ ಬಿಟ್ಟುಹೋಗುತ್ತಾನೆ. ದೀಪ ಕೆಡುತ್ತದೆ, ಕತ್ತಲಾದ ಮೇಲೆ ಹೆಂಗಸರು ಅಲ್ಲಿ ಇಳಿಯಲು ಅಂಜುತ್ತಾರೆ. ನಲ್ಲಿ ಒಣಗುತ್ತದೆ. ನಾಲ್ಕು ರೈಲು ನಿಲ್ಲುತ್ತಿದ್ದ ಕಡೆ ಎರಡು ನಿಲ್ಲುತ್ತವೆ, ಅದೂ ಯಾರಿಗೂ ಬೇಡದ ಹೊತ್ತಿನಲ್ಲಿ. ಇಷ್ಟೆಲ್ಲ ಆದ ಬಳಿಕ ಒಬ್ಬರು ಬಂದು ಲೆಕ್ಕ ಹಿಡಿದು, “ನೋಡಿ, ಜನವೇ ಇಲ್ಲ” ಎನ್ನುತ್ತಾರೆ. ಕಾಲು ಮುರಿದು ಓಟದ ಪರೀಕ್ಷೆ ಮಾಡುವ ನ್ಯಾಯ ಇದು.

ಕೋವಿಡ್ ವರ್ಷಗಳಲ್ಲಿ ದೇಶದಲ್ಲೆಲ್ಲ ಇದನ್ನೇ ಕಂಡೆವು. 2020ರಲ್ಲಿ ರೈಲು ನಿಂತು ಮತ್ತೆ ಹೊರಟಾಗ ಎಷ್ಟೋ ಕಡೆ ಪ್ಯಾಸೆಂಜರ್ ಗಾಡಿಗಳು ವಿಶೇಷ ಎಕ್ಸ್‌ಪ್ರೆಸ್ ಎಂಬ ಹೆಸರು ಹೊತ್ತು ಬಂದವು. ಹೆಸರು ಬದಲಾಯಿತು, ವೇಗ ಬದಲಾಗಲಿಲ್ಲ. ಹತ್ತು ರೂಪಾಯಿ ಇದ್ದ ಕನಿಷ್ಠ ದರ ಮಾತ್ರ ಮೂವತ್ತಾಯಿತು. 2024ರ ಫೆಬ್ರವರಿಯಲ್ಲಿ ಅದು ಮತ್ತೆ ಹತ್ತಕ್ಕೆ ಇಳಿಯುವವರೆಗೆ, ಮೂರು ಊರಿನಾಚೆಯ ಸಂತೆಗೆ ಹೋಗುವವನು ಮೂರು ಪಟ್ಟು ಕೊಡಬೇಕಾಯಿತು. 2020ರ ಸೆಪ್ಟೆಂಬರಿನಲ್ಲಿಯೇ, ಹೊಸ ವೇಳಾಪಟ್ಟಿಯ ಹೆಸರಿನಲ್ಲಿ ದೇಶದಾದ್ಯಂತ ಸುಮಾರು ಹತ್ತು ಸಾವಿರ ನಿಲುಗಡೆಗಳನ್ನು ಕೈಬಿಡುವ ಯೋಜನೆ ಪತ್ರಿಕೆಗಳಲ್ಲಿ ವರದಿಯಾಗಿತ್ತು. ದರ ಏರಿಸಿ ಜನರನ್ನು ಓಡಿಸುವುದು ಒಂದು ಕೈ. ಜನರಿಲ್ಲವೆಂದು ನಿಲುಗಡೆ ತೆಗೆಯುವುದು ಇನ್ನೊಂದು ಕೈ. ಎರಡೂ ಒಂದೇ ಮೈಯವು.

ಈ ರೋಗ ನಮ್ಮಲ್ಲೇ ಹುಟ್ಟಿದ್ದಲ್ಲ. 1963ರಲ್ಲಿ ಬ್ರಿಟನ್ನಿನ ರೈಲ್ವೆಯ ಅಧ್ಯಕ್ಷರಾಗಿದ್ದ ಡಾಕ್ಟರ್ ಬೀಚಿಂಗ್ ಎಂಬವರು ಒಂದು ವರದಿ ಕೊಟ್ಟರು. 2,363 ನಿಲ್ದಾಣಗಳನ್ನೂ ಐದು ಸಾವಿರ ಮೈಲಿ ಹಳಿಯನ್ನೂ ಮುಚ್ಚಬೇಕೆಂದು ಅವರ ಸಲಹೆ. ಲೆಕ್ಕವೇನೋ ಅಚ್ಚುಕಟ್ಟು. ಆದರೆ ಜನಸಂಚಾರದ ಎಣಿಕೆ ಮಾಡಿದ್ದು 1961ರ ಏಪ್ರಿಲಿನ ಒಂದೇ ಒಂದು ವಾರ. ಬೇಸಿಗೆಯಲ್ಲಿ ಕಿಕ್ಕಿರಿಯುವ ಕಡಲ ತೀರದ ಊರುಗಳಿಗೆ ಆ ವಾರ ಯಾರೂ ಹೋಗಿರಲಿಲ್ಲ. ಹೋಗುವವರೂ ಟಿಕೆಟನ್ನು ತಮ್ಮ ಊರಿನಲ್ಲಿ ಕೊಳ್ಳುತ್ತಿದ್ದರು. ಆದ್ದರಿಂದ ತೀರದ ನಿಲ್ದಾಣ ಬಡವಾಗಿಯೇ ಕಾಣುತ್ತಿತ್ತು. ದೊಡ್ಡ ಜಾತ್ರೆಯನ್ನು ಬಿಟ್ಟು ಆಷಾಢದ ಒಂದು ವಾರ ಎಣಿಸಿ, ನಂಜುಂಡೇಶ್ವರನಿಗೆ ಭಕ್ತರೇ ಇಲ್ಲ ಎಂದರೆ ಹೇಗಿದ್ದೀತು? ಸಣ್ಣ ಮಾರ್ಗ ಮುಚ್ಚಿದರೆ ಜನ ಮೋಟಾರಿನಲ್ಲಿ ದೊಡ್ಡ ನಿಲ್ದಾಣಕ್ಕೆ ಬಂದು ರೈಲು ಹತ್ತುತ್ತಾರೆಂದು ಲೆಕ್ಕಿಗರು ನಂಬಿದ್ದರು. ಆದದ್ದು ಬೇರೆ. ಮನೆಯಿಂದ ಮೋಟಾರಿನಲ್ಲಿ ಹೊರಟವನು ಕೊನೆಯವರೆಗೂ ಮೋಟಾರಿನಲ್ಲೇ ಹೋದ. ಉಪನದಿಗಳನ್ನು ಕಟ್ಟಿದರೆ ಹೊಳೆಯೂ ಬತ್ತುತ್ತದೆ. ಸ್ಕಾಟ್ಲೆಂಡಿನಲ್ಲಿ 1969ರಲ್ಲಿ ಮುಚ್ಚಿದ ಒಂದು ಮಾರ್ಗದ ಮೂವತ್ತು ಮೈಲಿಯನ್ನು 2015ರಲ್ಲಿ ಕೋಟಿಗಟ್ಟಲೆ ಪೌಂಡ್ ಸುರಿದು ಮತ್ತೆ ಹಾಕಿದರು. ಶ್ರೀಮಂತರ ದೇಶ, ತಪ್ಪು ಮಾಡಿ ತಿದ್ದಿಕೊಳ್ಳಬಲ್ಲದು. ನಮಗೆ ಆ ಅನುಕೂಲವಿದೆಯೇ?

ಎದುರಾಳಿಯ ಮಾತಿನಲ್ಲಿಯೂ ಸತ್ಯವಿದ್ದರೆ ಒಪ್ಪಬೇಕು. ಓಡುವ ರೈಲನ್ನು ನಿಲ್ಲಿಸಿ ಮತ್ತೆ ವೇಗಕ್ಕೆ ತರಲು ಇಂಧನವೂ ಬೇಕು, ಹೊತ್ತೂ ಬೇಕು. ದೂರದ ಊರಿಗೆ ಹೋಗುವ ಎಕ್ಸ್‌ಪ್ರೆಸ್ಸು ಪ್ರತಿ ಹುಂಡಿಯಲ್ಲೂ ನಿಂತರೆ ಅದು ಎಕ್ಸ್‌ಪ್ರೆಸ್ ಅಲ್ಲ. ಯಾರೂ ಅದನ್ನು ಕೇಳಿಲ್ಲ. ಕೇಳುವುದು ಅರವತ್ತು ಕಿಲೋಮೀಟರಿನ ಊರಾಡಿ ಗಾಡಿ ಊರುಗಳಲ್ಲಿ ನಿಲ್ಲಲಿ ಎಂದು. ಊರಾಡಿ ಗಾಡಿ ಊರಿನಲ್ಲಿ ನಿಲ್ಲದಿದ್ದರೆ ಅದು ಓಡುವುದು ಯಾರಿಗಾಗಿ?

ಇನ್ನು ಬಸ್ಸಿನ ಮಾತು. ಬಸ್ಸಿದೆ, 2023ರ ಜೂನಿನಿಂದ ರಾಜ್ಯದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟೂ ಬೇಡವಾಯಿತು. ಒಳ್ಳೆಯದೇ ಆಯಿತು. ಆದರೆ ಸೋಸಲೆ ಕಡೆಯವನಿಗೆ ಬಸ್ಸಿನ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸೊಂದನ್ನೇ ನಂಬಿ ಬೆಳೆದವರು ನಾವು. ರೋಗಿ ಕಾಲು ಚಾಚಿ ಹೋಗಲು, ಗಂಟುಮೂಟೆ ಇಟ್ಟುಕೊಳ್ಳಲು, ಮಗುವಿಗೆ ಮೂತ್ರಕ್ಕೆ ಅವಸರವಾದಾಗ ಕಂಡಕ್ಟರನ ಕೈಕಾಲು ಹಿಡಿಯದಿರಲು ಬಸ್ಸಿನಲ್ಲಿ ದಾರಿಯಿಲ್ಲ. ಬಸ್ಸು ಮುಷ್ಕರದ ದಿನ ಒಂದು ತಾಲ್ಲೂಕು ಹೇಗೆ ದ್ವೀಪವಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. ಎರಡು ಕಾಲಿದ್ದವನಿಗೆ ಒಂದು ಸಾಕೆಂದು ಹೇಳುವುದು ನ್ಯಾಯವಲ್ಲ.

ಹಣವಿಲ್ಲ ಎಂಬ ಮಾತನ್ನಂತೂ ಈ ಕಾಲದಲ್ಲಿ ಆಡಬಾರದು. 2022ರ ನವೆಂಬರಿನಲ್ಲಿ ಮೈಸೂರಿಗೆ ವಂದೇ ಭಾರತ್ ಬಂತು. ನಾವೂ ಚಪ್ಪಾಳೆ ತಟ್ಟಿದೆವು. 2023ರ ಆಗಸ್ಟ್ 6ರಂದು ದೇಶದ 508 ನಿಲ್ದಾಣಗಳ ನವೀಕರಣಕ್ಕೆ ಶಂಕುಸ್ಥಾಪನೆಯಾಯಿತು. ವೆಚ್ಚ 24,470 ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ನಿಲ್ದಾಣವೊಂದಕ್ಕೆ ಸರಾಸರಿ ನಲವತ್ತೆಂಟು ಕೋಟಿ. ಒಂದು ದೊಡ್ಡ ನಿಲ್ದಾಣದ ಈ ಪಾಲಿನ ಅಂಚಿನಲ್ಲಿ ಉಳಿದ ಚಿಲ್ಲರೆಯಿಂದ ಒಂದು ಮಾರ್ಗದ ಹಾಲ್ಟುಗಳಿಗೆಲ್ಲ ದೀಪ, ನೀರು, ನೆರಳು ಮಾಡಬಹುದು. ಕೊರತೆ ಇರುವುದು ಹಣದಲ್ಲಲ್ಲ, ಗಮನದಲ್ಲಿ.

ಒಂದು ವಿಚಿತ್ರವನ್ನಂತೂ ಹೇಳಲೇಬೇಕು. ಪುಟ್ಟ ನಿಲ್ದಾಣವೆಂದರೆ ನಮ್ಮ ವಿದ್ಯಾವಂತರಿಗೆ ಬಹಳ ಪ್ರೀತಿ, ಕಥೆಯಲ್ಲಿ. ಮೈಸೂರಿನಲ್ಲಿ ಬಾಳಿದ ನಾರಾಯಣರು ಮಾಲ್ಗುಡಿಯನ್ನು ಕಟ್ಟಿದರು; ಶಂಕರ್‌ನಾಗ್ ಅದನ್ನು ದೂರದರ್ಶನಕ್ಕೆ ತಂದಾಗ ಶಿವಮೊಗ್ಗ ಸೀಮೆಯ ಅರಸಾಳು ನಿಲ್ದಾಣ ಮಾಲ್ಗುಡಿಯಾಯಿತು. 2020ರಲ್ಲಿ ಅರಸಾಳಿನ ಹಳೆಯ ಕಟ್ಟಡವನ್ನು ರಿಪೇರಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಮೈಸೂರಿನಲ್ಲಿಯೂ 1979ರಿಂದ ರೈಲ್ವೆ ವಸ್ತುಸಂಗ್ರಹಾಲಯವಿದೆ. ಎರಡೂ ಚೆನ್ನಾದ ಕೆಲಸಗಳೇ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಆದರೆ ಹಳೆಯ ಲಾಂದ್ರವನ್ನೂ ಗಟ್ಟಿ ಕಾಗದದ ಟಿಕೆಟನ್ನೂ ಗಾಜಿನೊಳಗೆ ನೋಡಿ ಕಣ್ಣು ತುಂಬಿಕೊಳ್ಳುವ ನಾವೇ, ಬದುಕಿರುವ ಹಾಲ್ಟಿನಲ್ಲಿ ರೈಲು ಒಂದು ನಿಮಿಷ ನಿಂತರೆ ಕಿಟಕಿಯಿಂದ ತಲೆ ಹಾಕಿ, “ಇಲ್ಲೇಕಪ್ಪ ನಿಲ್ಲಿಸಿದ?” ಎಂದು ಗೊಣಗುತ್ತೇವೆ. ಬದುಕಿದ್ದಾಗ ಗಂಜಿ ಹಾಕದೆ, ಸತ್ತ ಮೇಲೆ ವೈಕುಂಠ ಸಮಾರಾಧನೆ ಮಾಡುವ ಮಕ್ಕಳನ್ನು ಲೋಕ ಏನೆನ್ನುತ್ತದೆ?

ಹಾಗಾದರೆ ಏನು ಮಾಡಬೇಕು? ಅಸಾಧ್ಯವಾದದ್ದನ್ನು ನಾನು ಕೇಳುವುದಿಲ್ಲ. ಪ್ರತಿ ಹಾಲ್ಟಿಗೂ ಮಾಸ್ತರರು ಬೇಡ. ಒಂದು, ಟಿಕೆಟನ್ನು ಎಣಿಸುವುದನ್ನು ಬಿಟ್ಟು ತಲೆಯನ್ನು ಎಣಿಸಿ. ಹತ್ತುವವರನ್ನೂ ಇಳಿಯುವವರನ್ನೂ ಎಣಿಸಿ. ಒಂದು ವಾರವಲ್ಲ, ಸುಗ್ಗಿ, ಜಾತ್ರೆ, ಶಾಲೆಯ ದಿನ ಎಲ್ಲವೂ ಸೇರುವಂತೆ ಒಂದು ವರ್ಷ ಎಣಿಸಿ. ಎರಡು, ಕಮಿಷನ್ನಿನ ಮೇಲೆ ಟಿಕೆಟ್ ಕೊಡುವವನಿಗೆ ಬದುಕಲು ಸಾಕಾಗುವಷ್ಟು ಸಂಭಾವನೆ ಗೊತ್ತುಮಾಡಿ. ಊರಿನ ಒಬ್ಬ ಹುಡುಗನಿಗೋ ಹುಡುಗಿಗೋ ಅದು ಉದ್ಯೋಗ. ಮೂರು, ಕಿಂಡಿ ಮುಚ್ಚಿದ ಹಾಲ್ಟಿನಿಂದ ಬಂದವರ ಮೇಲೆ ದಂಡ ಹಾಕಬೇಡಿ; ದರ ತೆಗೆದುಕೊಂಡು ಚೀಟಿ ಕೊಡಿ, ಆ ಚೀಟಿಯನ್ನು ಅವರು ಹತ್ತಿದ ಹಾಲ್ಟಿನ ಖಾತೆಗೆ ಬರೆಯಿರಿ. ನಾಲ್ಕು, ಯಾವ ನಿಲುಗಡೆಯನ್ನೂ ಆ ಊರಿನ ಗ್ರಾಮಸಭೆಯಲ್ಲಿ ಲೆಕ್ಕ ಓದಿ ಹೇಳದೆ ತೆಗೆಯಬೇಡಿ. ಇವುಗಳಲ್ಲಿ ಯಾವುದಕ್ಕೂ ಹೊಸ ಹಳಿ ಬೇಕಾಗಿಲ್ಲ.

ಇದನ್ನು ಓದುತ್ತಿರುವ ಪೇಟೆಯ ವಾಚಕರಿಗೆ ಒಂದು ಮಾತು. ನಿಮ್ಮ ಅಜ್ಜನೋ ಮುತ್ತಜ್ಜನೋ ಇಂಥದೊಂದು ಕಟ್ಟೆಯ ಮೇಲೆ ಟ್ರಂಕು ಇಟ್ಟುಕೊಂಡು ರೈಲಿಗೆ ಕಾದು ಪೇಟೆಗೆ ಬಂದಿದ್ದರೆ ಆಶ್ಚರ್ಯವಿಲ್ಲ. ನೀವು ಬಂದ ಬಾಗಿಲನ್ನು ನಿಮ್ಮ ಹಿಂದೆ ಬರುವವರ ಮುಖಕ್ಕೆ ಮುಚ್ಚಬೇಡಿ. ಹಾಲ್ಟೊಂದು ಮುಚ್ಚಿತೆಂಬ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲಿನಲ್ಲಿ ಬಂದಾಗ, “ಪಾಪ” ಎಂದು ಪುಟ ತಿರುಗಿಸದೆ ಸಂಪಾದಕರಿಗೆ ಒಂದು ಕಾಗದ ಬರೆಯಿರಿ.

ನಮ್ಮ ಸೋಸಲೆಗೆ ರೈಲು ಯಾವಾಗ ಬರುತ್ತದೆಯೋ ಈಶ್ವರನಿಗೇ ಗೊತ್ತು. ಬಂದರೆ ಸಂತೋಷ, ಬರದಿದ್ದರೆ ಇಷ್ಟು ಕಾಲ ಬದುಕಿದ ಹಾಗೆ ಬದುಕಿಯೇವು. ಆದರೆ ರೈಲು ಬಂದ ಊರಿನಿಂದ ಅದು ಹೋಗಿಬಿಡುವುದಿದೆಯಲ್ಲ, ಅದು ರೈಲು ಬಾರದ ಊರಿನವರಿಗೂ ನೋಡಲಾಗದ ಸಂಗತಿ. ಕಟ್ಟೆಯ ಮೇಲೆ ಸೊಪ್ಪಿನ ಗಂಟು ಇಟ್ಟುಕೊಂಡು ಕುಳಿತವಳು ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಮೊದಲು ಅದಕ್ಕೆ ಉತ್ತರ ಕೊಡಿ. ಲಾಭನಷ್ಟದ ಲೆಕ್ಕವನ್ನು ಆಮೇಲೆ ನೋಡೋಣ.